ಬಸುರಿಗೆ ಜ್ವರ ಬಂದರೆ ದಿನ ಲೆಕ್ಕ ಇಡಿ

ನಮ್ಮ ಕೊಡಗಿನಲ್ಲಿ ಮಳೆ ಜೋರಾಗಿ ಹೊಡೆಯುವಾಗ ಸೊಳ್ಳೆ ಕಾಟ ಅಷ್ಟಿರುವುದಿಲ್ಲ. ಸ್ವಲ್ಪ ದಿನ ಬಿಟ್ಟರೆ ಸಾಕು, ಟಾರ್ಪಾಲಿನ ಮಡಿಕೆ, ಬಿದ್ದ ಅಡಿಕೆ ಹಾಳೆ, ಹೂಕುಂಡದ ತಟ್ಟೆ, ಎಲ್ಲಿ ನೀರು ನಿಂತಿದೆಯೋ ಅಲ್ಲೆಲ್ಲ ಶುರು. ಡೆಂಗಿ, ಚಿಕೂನ್‌ಗುನ್ಯ, ಝೀಕಾ ಮೂರನ್ನೂ ಹರಡುವ ಈಡಿಸ್ ಸೊಳ್ಳೆ ಜಾಸ್ತಿ ಕಚ್ಚುವುದು ಹಗಲಲ್ಲಿ.

ಸೋಮವಾರಪೇಟೆ ಕಡೆ ಇರುವ ನನ್ನ ತಂಗಿ ಈಗ ಬಸುರಿ. ಜ್ವರ, ಮೈಕೈ ನೋವು ಅಂದರೆ ಅವಳತ್ತೆ "ಇದೆಲ್ಲ ಇದ್ದದ್ದೇ ಬಿಡು" ಅಂದರು. ವಾಂತಿ, ಸುಸ್ತು ಇದ್ದದ್ದೇ, ಸರಿ. ಜ್ವರ ಇದ್ದದ್ದಲ್ಲ! ವಾರ ಆಗುತ್ತಾ ಬಂದಾಗ ಎನ್‌ಎಸ್‌1 ಅನ್ನುವ ಡೆಂಗಿಯ ರಕ್ತಪರೀಕ್ಷೆ ಮಾಡಿಸಿದರು, ನೆಗೆಟಿವ್ ಬಂತು, ಎಲ್ಲರಿಗೂ ಸಮಾಧಾನ. ಡಾಕ್ಟರ್ ಮಾತ್ರ "ಜ್ವರ ಬಂದು ಎಷ್ಟು ದಿನವಾಯ್ತಮ್ಮ?" ಅಂತ ಕೇಳಿ ಐಜಿಎಂ ಅನ್ನುವ ಇನ್ನೊಂದು ರಕ್ತಪರೀಕ್ಷೆ ಬರೆದುಕೊಟ್ಟರು. ಅದರಲ್ಲಿ ಡೆಂಗಿ ಸಿಕ್ಕಿತು.

ಎನ್‌ಎಸ್‌1 ವೈರಸ್ಸಿನದೇ ಪ್ರೋಟೀನ್. ಜ್ವರದ ಮೊದಲ ಐದು ದಿನ ಚೆನ್ನಾಗಿ ಸಿಗುತ್ತದೆ, ಆಮೇಲೆ ತಪ್ಪಿಸಿಕೊಳ್ಳಬಹುದು. ಐಜಿಎಂ ಅಂದರೆ ವೈರಸ್ಸಿನ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯ, ಅದು ಕಾಣಿಸಿಕೊಳ್ಳಲು ನಾಲ್ಕೈದು ದಿನ ಬೇಕು. ಹಾಗಾಗಿ ಜ್ವರ ಶುರುವಾದ ತಾರೀಕನ್ನು ತಾಯಿ ಕಾರ್ಡಿನ ಮೇಲೇ ಬರೆದಿಡಿ, ಲ್ಯಾಬಿನವರಿಗೂ ಹೇಳಿ.

ಇನ್ನು ಡೆಂಗಿಯಲ್ಲಿ ಇಳಿಯುವ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ. ಬಸುರಿಯಲ್ಲಿ ರಕ್ತ ತೆಳುವಾಗಿ ಅದು ಹೇಗೂ ಸ್ವಲ್ಪ ಇಳಿಯುತ್ತದೆ, ಕೊನೆ ತಿಂಗಳುಗಳಲ್ಲಿ ಬಿಪಿ ತೊಂದರೆಯಿಂದಲೂ ಇಳಿಯಬಹುದು. ಒಂದು ದಿನದ ರಿಪೋರ್ಟ್ ಹಿಡಿದುಕೊಂಡು ಗಾಬರಿಯೂ ಬೇಡ, ಧೈರ್ಯವೂ ಬೇಡ. ಹಳೇ ರಿಪೋರ್ಟ್ ಜೊತೆಗೆ ಒಯ್ಯಿರಿ.

ಝೀಕಾದ್ದು ಇನ್ನೂ ದೊಡ್ಡ ತಲೆಬಿಸಿ. ತುಂಬಾ ಜನಕ್ಕೆ ಲಕ್ಷಣವೇ ಇರುವುದಿಲ್ಲ, ಮಗುವಿನ ಮಿದುಳಿಗೆ ಮಾತ್ರ ಪೆಟ್ಟು ಬೀಳಬಹುದು. ಅದರ ಐಜಿಎಂ ಡೆಂಗಿ ಜೊತೆ ಗೊಂದಲ ಮಾಡುತ್ತದೆ, ಅದಕ್ಕೇ ರಕ್ತ, ಮೂತ್ರ ಎರಡರಲ್ಲೂ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಬೇಕು, ಅದೂ ಬೇಗ. "ಅದೆಲ್ಲ ಬ್ರೆಜಿಲ್ ಕಾಯಿಲೆ" ಅನ್ನುವವರಿಗೆ ಹೇಳುತ್ತೇನೆ, 2022ರ ಡಿಸೆಂಬರ್‌ನಲ್ಲಿ ನಮ್ಮ ರಾಯಚೂರಿನಲ್ಲೇ ಸಿಕ್ಕಿತ್ತು, 2024ರಲ್ಲಿ ಪುಣೆಯ ಗರ್ಭಿಣಿಯರಲ್ಲೂ ಸಿಕ್ಕಿತು. ಜ್ವರ ಬಿಟ್ಟ ಕೂಡಲೇ ಮಾಡಿಸಿದ ಸ್ಕ್ಯಾನ್ ಸರಿ ಇದ್ದರೆ ಮುಗಿಯಲಿಲ್ಲ, ತಲೆ ಬೆಳವಣಿಗೆಯ ವ್ಯತ್ಯಾಸ ಕಾಣಲು ವಾರಗಟ್ಟಲೆ ಬೇಕು. ಚಿಕೂನ್‌ಗುನ್ಯ ಹೆರಿಗೆ ಹೊತ್ತಿಗೆ ಬಂದರೆ ಮಗುವಿಗೂ ದಾಟಬಹುದು, ಹುಟ್ಟಿದ ಮೊದಲ ವಾರ ಮಗುವನ್ನು ಗಮನಿಸಬೇಕು.

ಮನೆಯಲ್ಲಿದೆ ಅಂತ ಸುಮ್ನೆ ಬ್ರೂಫೆನ್ ನುಂಗಬೇಡಿ. ಮೊದಲೇ ಆಸ್ಪಿರಿನ್ ನಡೀತಿದ್ದರೆ ಡಾಕ್ಟರನ್ನು ಕೇಳಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ್ದು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯದೆ ಗಾಡಿ ಹತ್ತಿಸಿ.