ಬಕೆಟ್ಟಿನಲ್ಲಿ ಕರಗಿದ ಇಟ್ಟಿಗೆ

ನಮ್ಮ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಲ್ಯಾಬಿನ ಹಿಂದೆ ಒಂದು ತಗಡಿನ ಶೆಡ್ ಇತ್ತು. ಕೊನೆಯ ವರ್ಷ ನಾನು ಕ್ಲಾಸಿಗಿಂತ ಜಾಸ್ತಿ ಹೊತ್ತು ಕಳೆದದ್ದು ಅಲ್ಲೇ. ಕಾಲೇಜ್ ಮ್ಯಾಗಜೀನಿಗೆ ಏನಾದರೂ ಬರೆದುಕೊಡಿ ಎಂದಾಗ ಮೊದಲು ನೆನಪಾದದ್ದು ಆ ಶೆಡ್ಡು, ಅಲ್ಲಿದ್ದ ಒಂದು ನೀಲಿ ಬಕೆಟ್ಟು.

ನಾವು ನಾಲ್ಕು ಜನ. ಭತ್ತದ ಹೊಟ್ಟಿನ ಬೂದಿಯಿಂದ ಸಿಮೆಂಟಿಲ್ಲದ ಇಟ್ಟಿಗೆ ಮಾಡುವುದು ನಮ್ಮ ಪ್ರಾಜೆಕ್ಟ್. ದೊಡ್ಡ ಕನಸೇನೂ ಇರಲಿಲ್ಲ. ಒಳ್ಳೆಯ ವಿಷಯಗಳನ್ನೆಲ್ಲ ಬೇರೆ ತಂಡದವರು ಹಿಡಿದುಬಿಟ್ಟಿದ್ದರು, ಅಷ್ಟೇ. ಲೆಕ್ಕ ಹಾಕಿದ ಮೇಲೆ ಆಸೆ ಹುಟ್ಟಿತು. ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೋ ಹೊಟ್ಟು ಬರುತ್ತದೆ. ಸುಟ್ಟರೆ ಸುಮಾರು 40 ಕಿಲೋ ಬೂದಿ. ಅದರಲ್ಲಿ ಬಹುಪಾಲು ಸಿಲಿಕಾ, ಮರಳಿನಲ್ಲಿರುವ ಅಂಶವೇ. ಸಿಮೆಂಟಿಗಾದರೆ ಗೂಡಿನಲ್ಲಿ ಸುಮಾರು 1450 ಡಿಗ್ರಿ ಶಾಖ ಬೇಕು. ನಮಗೆ ಬೂದಿಗೆ ಸುಣ್ಣ ಕಲಸಿದರೆ ಆಯ್ತು! (ಸುಣ್ಣವನ್ನೂ ಸುಟ್ಟೇ ಮಾಡೋದಲ್ವಾ ಎಂದು ವೈವಾದಲ್ಲಿ ಕೇಳಿದಾಗ ನಾಲ್ವರೂ ನೆಲ ನೋಡಿದೆವು.)

ಅಕ್ಕಿ ಮಿಲ್ಲಿನ ಬಾಯ್ಲರ್ ಬೂದಿ ಪುಕ್ಕಟೆ ಸಿಕ್ಕಿತು. ಮೂಟೆಗಟ್ಟಲೆ ತಂದೆವು. ಸುಣ್ಣ, ಮರಳು ಸೇರಿಸಿ ಅಚ್ಚಿಗೆ ಹಾಕಿ ಒತ್ತಿದೆವು. ಒಂದು ವಾರದಲ್ಲಿ ಬೂದು ಬಣ್ಣದ, ಚೂಪು ಅಂಚಿನ ಚೆಂದದ ಇಟ್ಟಿಗೆಗಳು. ಪಕ್ಕದಲ್ಲಿ ನಿಂತು ಫೋಟೋ ಕೂಡ ತೆಗೆಸಿಕೊಂಡೆವು.

ಮಾರನೆಯ ದಿನ ಒಂದನ್ನು ನೀರು ತುಂಬಿದ ಬಕೆಟ್ಟಿಗೆ ಹಾಕಿದೆವು. ಮೊದಲು ಗುಳ್ಳೆ ಬಂತು. ಆಮೇಲೆ ಒಂದು ಮೂಲೆ ಸದ್ದಿಲ್ಲದೆ ಜಾರಿತು. ಊಟ ಮುಗಿಸಿ ಬರುವಷ್ಟರಲ್ಲಿ ಅಂಚುಗಳೇ ಇರಲಿಲ್ಲ, ಮಧ್ಯೆ ಒಂದು ಗುಡ್ಡೆ ಮಾತ್ರ. ಸಂಜೆ ಲ್ಯಾಬಿನ ಅಟೆಂಡರ್ ಅಣ್ಣ ಬಕೆಟ್ಟಿಗೆ ಕೈ ಹಾಕಿ ಒಂದು ಹಿಡಿ ಎತ್ತಿದರು. "ಇಟ್ಟಿಗೆ ಕೊಡ್ತೀವಿ ಅಂತ ಕೆಸರು ಕೊಟ್ರಲ್ಲಪ್ಪಾ" ಎಂದು ನಕ್ಕರು.

ಸುಣ್ಣ ಕಮ್ಮಿಯಾಯ್ತು ಅಂತ ನಾನು, ಒತ್ತಿದ್ದು ಸಾಲದು ಅಂತ ಉಳಿದವರು ಜಗಳಕ್ಕೆ ಬಿದ್ದೆವು. ನಮ್ಮ ಗೈಡ್ ಸರ್ ಬಂದು ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಇದು ಜಾಸ್ತಿ ಬೆಂದಿದೆ ಕಣ್ರೋ" ಎಂದರು. ಆಮೇಲೆ ಅಲ್ಲೇ ಮೂಟೆಯ ಮೇಲೆ ಕೂತು ಪಾಠ. ಹೊಟ್ಟನ್ನು ಹೆಚ್ಚುಕಮ್ಮಿ 700 ಡಿಗ್ರಿ ದಾಟದಂತೆ ಸುಟ್ಟರೆ ಸಿಲಿಕಾ ಸಡಿಲವಾಗಿರುತ್ತದೆ, ಸುಣ್ಣದ ಜೊತೆ ಕೂಡಿ ಗಟ್ಟಿಯಾಗುತ್ತದೆ. ಬೆಂಕಿ ಜೋರಾದರೆ ಅದೇ ಸಿಲಿಕಾ ಹರಳುಗಟ್ಟುತ್ತದೆ. ಆಮೇಲೆ ಸುಣ್ಣ ಎಷ್ಟು ಸುರಿದರೂ ಅದು ಜಗ್ಗುವುದಿಲ್ಲ. ರೋಮನ್ನರು ಇಟಲಿಯ ಪೊಝುವೋಲಿ ಎಂಬ ಊರಿನ ಜ್ವಾಲಾಮುಖಿ ಬೂದಿಗೆ ಸುಣ್ಣ ಕಲಸಿ ಸಮುದ್ರದೊಳಗೂ ಕಟ್ಟಿದ್ದರಂತೆ. ಹೀಗೆ ಸುಣ್ಣದ ಜೊತೆ ಕೂಡಿ ಗಟ್ಟಿಯಾಗುವ ಬೂದಿಗೆ ಪೊಝೊಲಾನ ಎಂಬ ಹೆಸರು ಬಂದದ್ದೂ ಆ ಊರಿನಿಂದಲೇ. ಸರ್ ಬೋರ್ಡಿನ ಮೇಲೆ ಇದನ್ನೇ ಎರಡು ಸಲ ಬರೆಸಿದ್ದರು. ಕೇಳಿಸಿಕೊಂಡದ್ದು ಮಾತ್ರ ಅವತ್ತು.

ಹಾಗಾಗಿ ನಾವೇ ಸುಟ್ಟೆವು. ತಂತಿಬಲೆಯ ಬುಟ್ಟಿ, ನಡುವೆ ತೂತು ಕೊರೆದ ಪೈಪು, ಒಳಗೆ ಶಾಖ ಅಳೆಯಲು ಒಂದು ಥರ್ಮೋಕಪಲ್. ಹೊಟ್ಟಿಗೆ ಉರಿ ಕಾಣುವುದಿಲ್ಲ, ಒಳಗೊಳಗೇ ಕೆಂಡ. ಸುಮ್ನೆ ಇದೆಯಲ್ಲ ಅಂದುಕೊಳ್ಳುವಷ್ಟರಲ್ಲಿ ಶಾಖ ಏರಿರುತ್ತದೆ. ರಾತ್ರಿಯಿಡೀ ಸರದಿ ಕಾವಲು. ಬೂದಿ ತಣ್ಣಗಾದ ಮೇಲೆ ಬಾಲ್ ಮಿಲ್ಲಿನಲ್ಲಿ ಗಂಟೆಗಟ್ಟಲೆ ಅರೆದೆವು. ಆ ಗಡಗಡ ಸದ್ದಿಗೆ ಪಕ್ಕದ ವಿಭಾಗದವರು ಬಂದು ಬೈದು ಹೋದರು.

ಈ ಸಲ ಒದ್ದೆ ಗೋಣಿಚೀಲ ಹೊದಿಸಿ 28 ದಿನ ಇಟ್ಟೆವು. ಸುಣ್ಣಕ್ಕೂ ಬೂದಿಗೂ ಅವಸರವಿಲ್ಲ. ಒಣಗಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಒಂದು ಭಾನುವಾರ ನೀರು ಹಾಕುವ ಪಾಳಿ ನನ್ನದಿತ್ತು, ಮ್ಯಾಚ್ ನೋಡುತ್ತಾ ಕೂತೆ. ಗಾಳಿಗೆ ತೆರೆದಿದ್ದ ಸಾಲು ಬೆಳ್ಳಗೆ ಬಿರುಕು ಬಿಟ್ಟಿತು. ಗೆಳೆಯರು ಮೂರು ದಿನ ಮಾತು ಬಿಟ್ಟರು.

ಮತ್ತೆ ಅದೇ ಬಕೆಟ್ಟು. 24 ಗಂಟೆ ಬಿಟ್ಟು ತೆಗೆದಾಗ ನೀರು ಹೆಚ್ಚುಕಮ್ಮಿ ತಿಳಿಯಾಗಿತ್ತು. ಅಟೆಂಡರ್ ಅಣ್ಣ ಎರಡು ಇಟ್ಟಿಗೆಗಳನ್ನು ಕಿವಿಯ ಹತ್ತಿರ ಹಿಡಿದು ಬಡಿದರು. ಸುಟ್ಟ ಇಟ್ಟಿಗೆಯ ಟಣ್ ಇಲ್ಲ, ಟಕ್ ಅಂತಷ್ಟೇ. "ಪರವಾಗಿಲ್ಲ" ಎಂದರು. ಒತ್ತಿ ಬಲ ಅಳೆಯುವ ಮೆಷಿನ್ನಿಗೆ ಹಾಕಿದ ಐದರಲ್ಲಿ ನಾಲ್ಕು, ಮಾಮೂಲಿ ಸುಟ್ಟ ಇಟ್ಟಿಗೆಗೆ ಕೇಳುವ ಕನಿಷ್ಠ, ಚದರ ಮಿಲಿಮೀಟರಿಗೆ 3.5 ನ್ಯೂಟನ್, ದಾಟಿದವು. ಐದನೆಯದು ನನ್ನ ಭಾನುವಾರದ ಸಾಲಿನದು.

ಆ ವರ್ಷ ಇದೇ ಮ್ಯಾಗಜೀನಿನಲ್ಲಿ 'ಕಸದಿಂದ ರಸ' ಎಂದು ನಮ್ಮ ಫೋಟೋ ಬಂತು. ಖುಷಿಪಟ್ಟೆವು, ನಿಜ. ಆದರೆ ಹೊಟ್ಟು ಕಸ ಅಲ್ಲ. ಮಿಲ್ಲಿನವರಿಗೆ ಅದು ಸೌದೆ. ಬೂದಿ ಅರೆಯಲು ಎಷ್ಟು ಕರೆಂಟ್ ಸುಟ್ಟೆವು ಎಂದು ನಮ್ಮ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಅದನ್ನೂ ಬರೆಯಬೇಕಿತ್ತು.

ಹೊರಡುವಾಗ ಉಳಿದ ಇಟ್ಟಿಗೆಯೊಂದನ್ನು ಶೆಡ್ಡಿನ ಬಾಗಿಲು ಬಡಿಯದಿರಲಿ ಎಂದು ಹೊರಗಡೆ ಅಡ್ಡ ಇಟ್ಟು ಬಂದಿದ್ದೆವು. ಈಗ ಅಲ್ಲಿ ಓದುತ್ತಿರುವವರು ಯಾರಾದರೂ ಆ ಕಡೆ ಹೋದರೆ, ಅಂಚು ಉಳಿದಿದೆಯಾ ನೋಡಿ ತಿಳಿಸಿ.