ಭಾಮಿನಿ ಷಟ್ಪದಿಯಲ್ಲಿ ಯೋಸೇಫನ ಕಥೆ: ನಾಲ್ಕನೆಯ ಸಂಧಿಯವರೆಗಿನ ಕೆಲಸ

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 37ರಿಂದ 50ರವರೆಗಿನ ಅಧ್ಯಾಯಗಳನ್ನು ಭಾಮಿನಿ ಷಟ್ಪದಿಯಲ್ಲಿ ಬರೆಯುವ ಕೆಲಸ ನಾಲ್ಕನೆಯ ಸಂಧಿಗೆ, ಅಂದರೆ ಕಾವ್ಯದ ನಾಲ್ಕನೆಯ ಅಧ್ಯಾಯಕ್ಕೆ, ಬಂದು ನಿಂತಿದೆ. ಬಾವಿ, ಸೆರೆಮನೆ, ಧಾನ್ಯಕ್ಕಾಗಿ ಪ್ರಯಾಣ, ಈ ಮೂರು ಸಂಧಿಗಳು ಮುಗಿದಿವೆ. ಅಣ್ಣಂದಿರಿಗೆ ತಮ್ಮನ ಗುರುತು ತಿಳಿಯುವ ನಾಲ್ಕನೆಯದು ಅರ್ಧ ದಾಟಿದೆ. ತಂದೆ ತೀರಿಕೊಂಡ ಮೇಲಿನ ಐದನೆಯದು ಟಿಪ್ಪಣಿಯ ರೂಪದಲ್ಲಿದೆ.

ಹೀಬ್ರೂ ಧರ್ಮಗ್ರಂಥದಲ್ಲಿ ಒಡೆದ ಮನೆಗಳಿಗೆ ಕೊರತೆಯಿಲ್ಲ. ಒಡೆದದ್ದು ಮತ್ತೆ ಕೂಡಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಅವಸರವಿಲ್ಲದೆ ಹೇಳಿರುವುದು ಈ ಕಥೆಯಲ್ಲಿ. ಯಾಕೋಬನ ಮುದ್ದಿನ ಮಗ ಯೋಸೇಫನನ್ನು ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ಮಾರಿಬಿಡುತ್ತಾರೆ; ಅವನು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದೊಡ್ಡ ಅಧಿಕಾರಿಯಾಗುತ್ತಾನೆ; ಬರ ಬಂದಾಗ ಅವರು ಧಾನ್ಯಕ್ಕಾಗಿ ಅವನ ಬಳಿಗೇ ಬರುತ್ತಾರೆ. ಆರಂಭದಲ್ಲಿ ಯೋಸೇಫನಿಗೆ 17 ವರ್ಷ. ಐಗುಪ್ತದ ದೊರೆ ಫರೋಹನ ಮುಂದೆ ನಿಂತಾಗ 30. ಏಳು ವರ್ಷಗಳ ಸುಭಿಕ್ಷ, ಎರಡು ವರ್ಷಗಳ ಬರ ಕಳೆದ ಮೇಲೆ ಅವನು ಅಣ್ಣಂದಿರಿಗೆ ತನ್ನ ಹೆಸರು ಹೇಳುತ್ತಾನೆ. ಹತ್ತಿರಹತ್ತಿರ 22 ವರ್ಷ. ಆದರೂ ಅಲ್ಲಿಗೆ ಮುಗಿಯುವುದಿಲ್ಲ. ಅಪ್ಪಿಕೊಂಡು ಅತ್ತ ಮೇಲೂ ಅಣ್ಣಂದಿರ ಎದೆಯಲ್ಲಿ ಭಯ ಉಳಿದೇ ಇತ್ತು ಎಂಬುದನ್ನು ಕೊನೆಯ ಅಧ್ಯಾಯ ಮುಚ್ಚಿಡದೆ ಹೇಳುತ್ತದೆ. ನನ್ನ ಕಾವ್ಯದ ಭಾರವೆಲ್ಲ ಆ ಅಧ್ಯಾಯದ ಮೇಲೆಯೇ ಬೀಳಬೇಕು ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೇನೆ.

ಹೆಸರುಗಳೂ ಗಣಗಳೂ

ಆರು ಸಾಲಿನ ಭಾಮಿನಿಯ ಲೆಕ್ಕ ಗೊತ್ತಿರುವುದೇ. ಲಘು, ಅಂದರೆ ಹ್ರಸ್ವಾಕ್ಷರ, ಒಂದು ಮಾತ್ರೆ; ಗುರು, ಅಂದರೆ ದೀರ್ಘಾಕ್ಷರ ಇಲ್ಲವೆ ಒತ್ತಕ್ಷರದ ಹಿಂದಿನದು, ಎರಡು ಮಾತ್ರೆ; ಮಾತ್ರೆಗಳ ಗುಂಪು ಗಣ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 3+4+3+4. ಮೂರು ಮತ್ತು ಆರನೆಯ ಸಾಲುಗಳಿಗೆ ಅದರ ಒಂದೂವರೆಯಷ್ಟು, ಮೇಲೊಂದು ಗುರು. ಇಡೀ ಪದ್ಯಕ್ಕೆ 102 ಮಾತ್ರೆ. ಯೋಸೇಫ, ತಂದೆ ಯಾಕೋಬ, ಹಿರಿಯಣ್ಣ ರೂಬೇನ, ತಮ್ಮ ಬೆನ್ಯಾಮೀನ, ಈ ಹೆಸರುಗಳೆಲ್ಲ ಎರಡು ಗುರುಗಳಿಂದ ಆರಂಭವಾಗುತ್ತವೆ. ಮೂರು ಮಾತ್ರೆಯ ಗಣದಿಂದ ಹೊರಡುವ ಸಾಲಿನ ತಲೆಯಲ್ಲಿ ಇವು ಕೂರುವುದಿಲ್ಲ. ಕಥಾನಾಯಕನ ಹೆಸರಿಗೆ ಪ್ರತಿ ಸಲವೂ ಮೊದಲು ಇನ್ನೊಂದು ಪದ ಬೇಕು. ಅಣ್ಣಂದಿರಲ್ಲೊಬ್ಬನಾದ ಯೆಹೂದನನ್ನು ಮಾತ್ರ 'ಯೂದ' ಎಂದು ಮಾಡಿಕೊಂಡರೆ ಸರಿಯಾಗಿ ಮೂರು ಮಾತ್ರೆ. ಅವನು ಸಾಲಿನ ತಲೆಯಲ್ಲಿಯೇ ನಿಲ್ಲಬಲ್ಲ. ಈ ಕಥೆಯಲ್ಲಿ ಎದ್ದು ನಿಂತು ಮಾತನಾಡುವವನು ಅವನೇ ಆದ್ದರಿಂದ ಇದು ನನಗೆ ದೊಡ್ಡ ಅನುಕೂಲವಾಯಿತು.

ಬಾವಿಯೊಳಗಿನ ಕೂಗು

ಮೊದಲ ಸಂಧಿಯಲ್ಲಿ ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿದ್ದು ದೋತಾನಿನ ಬಾವಿ. ಅಣ್ಣಂದಿರು ಅವನ ಅಂಗಿಯನ್ನು ಕಿತ್ತುಕೊಂಡು ಒಳಗೆ ಹಾಕುತ್ತಾರೆ. ಬಾವಿ ಬರಿದಾಗಿತ್ತು, ಅದರಲ್ಲಿ ನೀರಿರಲಿಲ್ಲ. ಮರುಕ್ಷಣವೇ ಅವರು ಊಟಕ್ಕೆ ಕುಳಿತರು ಎಂದು ಬರುತ್ತದೆ. ಹುಡುಗ ಕೂಗಿದನೇ, ಬೇಡಿಕೊಂಡನೇ? 37ನೆಯ ಅಧ್ಯಾಯ ಒಂದು ಮಾತನ್ನೂ ಹೇಳುವುದಿಲ್ಲ. ಗಿಲ್ಯಾದಿನ ಕಡೆಯಿಂದ ಒಂಟೆಗಳ ಮೇಲೆ ಸುಗಂಧದ್ರವ್ಯ ಹೇರಿಕೊಂಡು ಬಂದ ಇಷ್ಮಾಯೇಲ್ಯರಿಗೆ 20 ಬೆಳ್ಳಿಗೆ ಅವನ ಮಾರಾಟವೂ ಆಗಿಹೋಗುತ್ತದೆ.

ಆ ಕೂಗು ನಮಗೆ ಕೇಳಿಸುವುದು ಐಗುಪ್ತದಲ್ಲಿ, 42ನೆಯ ಅಧ್ಯಾಯದಲ್ಲಿ, ಅಣ್ಣಂದಿರ ಬಾಯಿಂದಲೇ. ಯೋಸೇಫನೆಂದು ತಾವು ಅರಿಯದ ಅಧಿಕಾರಿಯೊಬ್ಬ ತಮ್ಮನ್ನು ಗೂಢಚಾರರೆಂದು ಹಿಡಿದಾಗ ಅವರು ತಮ್ಮತಮ್ಮೊಳಗೆ ಹೇಳಿಕೊಳ್ಳುತ್ತಾರೆ: ಅವನು ಬೇಡಿಕೊಂಡಾಗ ಅವನ ಸಂಕಟವನ್ನು ಕಣ್ಣಾರೆ ಕಂಡೂ ನಾವು ಕಿವಿಗೊಡಲಿಲ್ಲ, ಅದಕ್ಕೇ ಈ ಸಂಕಟ ಬಂದಿದೆ. ನಡುವೆ ದುಭಾಷಿ ಇದ್ದುದರಿಂದ ಆ ಅಧಿಕಾರಿಗೆ ತಮ್ಮ ಮಾತು ಅರ್ಥವಾಗುತ್ತದೆಂದು ಅವರಿಗೆ ತಿಳಿಯದು. ಅವನು ಅತ್ತ ತಿರುಗಿ ಅಳುತ್ತಾನೆ.

ನಮ್ಮ ಕಾವ್ಯಪದ್ಧತಿಯಂತೆ ಬಾವಿಯೊಳಗೆ ಒಂದು ಪ್ರಲಾಪ ಇಡಬಹುದಿತ್ತು. ಪದ್ಯಗಳನ್ನು ಓದಿ ಹಾಡಿ ನೋಡುವ ಗಮಕಿ ಗೆಳತಿಗೂ ಅದೇ ಆಸೆ. ಮುಖಾರಿ ರಾಗಕ್ಕೆ ಅದಕ್ಕಿಂತ ತಕ್ಕ ಜಾಗ ಸಿಗುವುದಿಲ್ಲ ಎಂದರು. ನಾನು ಒಪ್ಪಲಿಲ್ಲ. ಮಾಡಿದವರೇ ಆಡಿ ಒಪ್ಪಿಕೊಳ್ಳುವ ತನಕ ಆ ಅಳು ಓದುಗನಿಗೆ ಸಿಗಬಾರದು. ಬಾವಿಯ ಪದ್ಯದಲ್ಲಿ ಊಟ ಮಾತ್ರ ಇದೆ. ಮುಖಾರಿ ಮೂರನೆಯ ಸಂಧಿಗೆ ಹೋಗಿದೆ, ಅಣ್ಣಂದಿರ ಪಾಲಿಗೆ.

ಯೆಹೂದ ಮುಂದೆ ಬಂದದ್ದು

ತಮ್ಮನನ್ನು ಮಾರೋಣ ಎಂದು ಸೂಚಿಸಿದವನು ಯೆಹೂದ. ಅದೇ ಯೆಹೂದ 44ನೆಯ ಅಧ್ಯಾಯದಲ್ಲಿ, ಬೆನ್ಯಾಮೀನನ ಚೀಲದಲ್ಲಿ ಯೋಸೇಫನೇ ಇಡಿಸಿದ್ದ ಬೆಳ್ಳಿಯ ಪಾತ್ರೆ ಸಿಕ್ಕಾಗ, ಹುಡುಗನ ಬದಲು ನಾನೇ ದಾಸನಾಗಿ ಉಳಿಯುತ್ತೇನೆ ಎನ್ನುತ್ತಾನೆ. ಈ ಬದಲಾವಣೆ ಎಲ್ಲಿ ಆಯಿತು? ನನ್ನ ಮಟ್ಟಿಗೆ ಉತ್ತರ 38ನೆಯ ಅಧ್ಯಾಯದಲ್ಲಿದೆ. ಅವನು ಮಾತು ತಪ್ಪಿ ನಡೆಸಿಕೊಂಡಿದ್ದ ಸೊಸೆ ತಾಮಾರಳು, ಒತ್ತೆಯಾಗಿ ಪಡೆದಿದ್ದ ಅವನ ಮುದ್ರೆ, ದಾರ, ಕೋಲುಗಳನ್ನು ಅವನಿಗೇ ಕಳುಹಿಸಿದಾಗ, ನನಗಿಂತ ಅವಳೇ ನೀತಿವಂತಳು ಎಂದು ಅವನು ಎಲ್ಲರೆದುರು ಹೇಳುತ್ತಾನೆ. ತಪ್ಪನ್ನು ತನ್ನದೆಂದು ಬಾಯಿಬಿಟ್ಟು ಹೇಳಲು ಅವನು ಕಲಿತದ್ದು ಅಲ್ಲಿ. ಆ ಅಧ್ಯಾಯ ಕಥೆಯ ನಡುವೆ ಅಡ್ಡ ಬಂದಂತೆ ಕಾಣುವುದರಿಂದ ಬಿಟ್ಟುಬಿಡಿ ಎಂದವರಿದ್ದಾರೆ. ನಾನು ಬಿಡಲಾರೆ.

ಅವನ ಭಾಷಣ 17 ವಚನಗಳಷ್ಟಿದೆ. 'ಯೂದ ಮುಂದಕೆ ಬಂದು ನುಡಿದನು' ಎಂದು ಆರಂಭಿಸಿದ್ದೇನೆ. ಅಲಂಕಾರವೇ ಇಲ್ಲದ ಸಾಲು, ಹಾಗೆಯೇ ಇರಬೇಕು. ಭಾಷಣದ ಉದ್ದಕ್ಕೂ ಅವನು ಹೇಳುವುದು ತಂದೆಯ ವಿಷಯ. 'ನನ್ನ ಹೆಂಡತಿ ನನಗೆ ಇಬ್ಬರು ಮಕ್ಕಳನ್ನು ಹೆತ್ತಳು' ಎಂಬ ಯಾಕೋಬನ ಮಾತನ್ನು ಅವನು ಇದ್ದಂತೆಯೇ ಒಪ್ಪಿಸುತ್ತಾನೆ. ಆ ಇಬ್ಬರು ರಾಹೇಲಳ ಮಕ್ಕಳಾದ ಯೋಸೇಫ, ಬೆನ್ಯಾಮೀನರು. ಯೆಹೂದ ರಾಹೇಲಳ ಮಗನಲ್ಲ, ಯಾಕೋಬನ ಇನ್ನೊಬ್ಬ ಹೆಂಡತಿ ಲೇಯಳ ಮಗ. ಆ ಲೆಕ್ಕದಲ್ಲಿ ತಾನಿಲ್ಲ ಎಂದು ತಿಳಿದೂ, ಆ ಮುದುಕನ ಜೀವ ಉಳಿಯಲೆಂದು ಬೇಡಿಕೊಳ್ಳುತ್ತಾನೆ. ಹಿಂದೆ ಇದೇ ಪಕ್ಷಪಾತಕ್ಕೆ ಅವರು ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ತಂದೆಗೆ ಕಳುಹಿಸಿದ್ದರು. ಈ ಪದ್ಯಗಳು ಇನ್ನೂ ತೂಕಕ್ಕೆ ಬಂದಿಲ್ಲ, ತಿದ್ದುತ್ತಿದ್ದೇನೆ.

ಗುರುತು ಹೇಳಿದ ಪದ್ಯ

ಯೋಸೇಫನು ಮೊದಲ ಸಲ ಮುಖ ತಿರುಗಿಸಿ ಅತ್ತ. ಎರಡನೆಯ ಸಲ ಒಳಕೋಣೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಊಟ ಬಡಿಸಿರಿ ಎಂದ. ಈಗ ಐಗುಪ್ತ್ಯರಿಗೆಲ್ಲ ಕೇಳುವಂತೆ ಅಳುತ್ತಾನೆ. ಪದ್ಯದ ಮೊದಲರ್ಧ ಹೀಗಿದೆ:

ನಾನು ಯೋಸೇಫಣ್ಣಗಳಿರಾ
ದೀನ ತಂದೆಯು ಬದುಕಿಯಿಹನೇ
ಮೌನದಲಿ ಹಿಂಜರಿದು ನಿಂದರು ಬೆದರಿಯವರೆಲ್ಲ

ಉಳಿದರ್ಧಕ್ಕೂ ಇದೇ ನಕಾರದ ಪ್ರಾಸ ಬೇಕು. ಅದರಲ್ಲಿ 'ನೀವು ಮಾರಿದಿರಿ' ಎಂಬ ಮಾತು ಬಂದೇ ತೀರಬೇಕು. ಯೋಸೇಫನು ಅದನ್ನು ನುಂಗಿಕೊಳ್ಳುವುದಿಲ್ಲ, ನೀವು ಐಗುಪ್ತಕ್ಕೆ ಮಾರಿದ ತಮ್ಮ ನಾನೇ ಎನ್ನುತ್ತಾನೆ. ಆಮೇಲೆಯೇ ದುಃಖಪಡಬೇಡಿರಿ ಎನ್ನುವುದು. ಇದರ ಮುಂದಿನ ಪದ್ಯಕ್ಕೆ 45ನೆಯ ಅಧ್ಯಾಯದ 15ನೆಯ ವಚನ ಸಾಕು: ಅವನು ಎಲ್ಲರಿಗೂ ಮುದ್ದಿಟ್ಟು ಅತ್ತ ಮೇಲೆ ಅಣ್ಣತಮ್ಮಂದಿರು ಅವನೊಡನೆ ಮಾತನಾಡಿದರು. ಕಥೆಯ ಮೊದಲಲ್ಲಿ ಅವನೊಂದಿಗೆ ಒಂದು ಒಳ್ಳೆಯ ಮಾತನ್ನೂ ಆಡಲಾರದೆ ಇದ್ದವರು ಇವರು. ಏನು ಮಾತನಾಡಿದರೆಂದು ಮೂಲ ಹೇಳಿಲ್ಲ; ನಾನೂ ಕಲ್ಪಿಸುವುದಿಲ್ಲ.

ಹೊರಗಿಟ್ಟದ್ದು

ಯಾಕೋಬನು ಹಿಂದೆ ಮೋಸಮಾಡಿದ್ದ ಅಣ್ಣ ಏಸಾವನ ಪ್ರಸಂಗವನ್ನು ಪೀಠಿಕೆಗೆ ತರಬೇಕೆಂಬ ಆಸೆಯಿತ್ತು. 400 ಜನರೊಡನೆ ಬರುತ್ತಿದ್ದ ಅಣ್ಣನಿಗೆ ಯಾಕೋಬನು ಆಡು, ಕುರಿ, ಒಂಟೆ, ದನ, ಕತ್ತೆಗಳ ಮಂದೆಗಳನ್ನೇ ಕಾಣಿಕೆಯಾಗಿ ಮುಂದೆ ಕಳುಹಿಸಿ, ಏಳು ಸಲ ನೆಲಕ್ಕೆ ಬಾಗಿದ. ಏಸಾವನೋ ಓಡಿ ಬಂದು ಅಪ್ಪಿಕೊಂಡ. ಆದರೆ ಅಣ್ಣನ ನಾಡಾದ ಸೇಯೀರಿಗೆ ಬರುತ್ತೇನೆಂದ ಯಾಕೋಬ ಸುಕ್ಕೋತಿನ ದಾರಿ ಹಿಡಿದ. ಇಬ್ಬರೂ ಸೇರಿ ತಂದೆ ಇಸಾಕನನ್ನು ಸಮಾಧಿ ಮಾಡಿದರು ಎಂಬಲ್ಲಿಗೆ ಅವರ ಕಥೆ ನಿಲ್ಲುತ್ತದೆ. ಅದಕ್ಕೆ ಬೇರೆಯದೇ ಕಾವ್ಯ ಬೇಕು. ದೊರೆ ದಾವೀದ, ಅವನ ಮಗ ಅಬ್ಷಾಲೋಮ, ಇವರನ್ನೂ ಬಿಟ್ಟಿದ್ದೇನೆ. ಅಲ್ಲಿ ಮಗ ಗೆಷೂರಿನಲ್ಲಿ ಮೂರು ವರ್ಷ ತಲೆಮರೆಸಿಕೊಂಡಿದ್ದು ಬಂದರೂ ಯೆರೂಸಲೇಮಿನಲ್ಲಿ ಎರಡು ವರ್ಷ ತಂದೆಯ ಮುಖ ಕಾಣಲಿಲ್ಲ. ಕೊನೆಗೆ ಮುದ್ದು ದೊರೆಯಿತು, ಮಾತು ನಡೆದದ್ದು ಎಲ್ಲಿಯೂ ಬರೆದಿಲ್ಲ. ಮುಂದೆ ಬಂದದ್ದು ದಂಗೆ.

ಐದನೆಯ ಸಂಧಿಗೆ

ಯಾಕೋಬನು ಐಗುಪ್ತದಲ್ಲಿ 17 ವರ್ಷ ಬದುಕಿ 147ನೆಯ ವಯಸ್ಸಿನಲ್ಲಿ ತೀರಿಕೊಳ್ಳುತ್ತಾನೆ. ಅಲ್ಲಿನ ಗೋಷೆನ್ ಸೀಮೆಯಲ್ಲಿ ತಮ್ಮನ ಅನ್ನ ಉಂಡ ಅಣ್ಣಂದಿರಿಗೆ ಇನ್ನು ಸೇಡು ತೀರಿಸಿಕೊಳ್ಳುತ್ತಾನೆಂಬ ಭಯ. ಕ್ಷಮಿಸು ಎಂದು ತಂದೆಯೇ ಹೇಳಿ ಹೋಗಿದ್ದಾನೆಂದು ಹೇಳಿಕಳುಹಿಸುತ್ತಾರೆ. ಯಾಕೋಬನು ಹಾಗೆ ಹೇಳಿದ ಪ್ರಸಂಗ ಹಿಂದೆ ಎಲ್ಲಿಯೂ ಇಲ್ಲ; ನಾನೂ ಅದನ್ನು ಹಾಗೆಯೇ ಬಿಡುತ್ತೇನೆ. ಆ ಮಾತು ಕೇಳಿ ಯೋಸೇಫನು ಅಳುತ್ತಾನೆ. ಇಷ್ಟು ವರ್ಷ ಸಾಕಿದರೂ ನಂಬಿಕೆ ಹುಟ್ಟಲಿಲ್ಲವಲ್ಲ ಎಂಬ ಅಳು ಅದು ಎಂದು ನಾನು ಓದಿಕೊಂಡಿದ್ದೇನೆ. ಅವನ ಉತ್ತರದಲ್ಲಿ 'ಕ್ಷಮಿಸಿದ್ದೇನೆ' ಎಂಬ ಮಾತಿಲ್ಲ. ನಾನೇನು ದೇವರ ಸ್ಥಾನದಲ್ಲಿದ್ದೇನೆಯೇ ಎನ್ನುತ್ತಾನೆ. ನೀವು ಕೇಡು ಬಗೆದಿರಿ, ದೇವರು ಒಳಿತು ಬಗೆದನು ಎನ್ನುತ್ತಾನೆ. ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಸಾಕುತ್ತೇನೆ ಎನ್ನುತ್ತಾನೆ. ನನ್ನ ಪದ್ಯದಲ್ಲಿಯೂ ಅವನು ಇಷ್ಟೇ ಹೇಳುತ್ತಾನೆ.

ಕಾವ್ಯ ಇಲ್ಲಿಗೆ ನಿಲ್ಲುವುದಿಲ್ಲ. 110ನೆಯ ವಯಸ್ಸಿನಲ್ಲಿ ಸಾಯುವ ಮುನ್ನ ಯೋಸೇಫನು ತನ್ನ ಎಲುಬುಗಳನ್ನು ಇಲ್ಲಿಂದ ಕೊಂಡೊಯ್ಯಬೇಕೆಂದು ಪ್ರಮಾಣ ಮಾಡಿಸುತ್ತಾನೆ. ಊರಿನಿಂದ ತನ್ನನ್ನು ಹೊರಗೆ ಮಾರಿದ ಮನೆಯವರಿಗೇ ಊರಿಗೆ ಒಯ್ಯುವ ಕೆಲಸ. ಆ ಎಲುಬುಗಳು ಶೆಕೆಮಿನಲ್ಲಿ ಮಣ್ಣು ಸೇರಿದವೆಂದು ಯೆಹೋಶುವನ ಗ್ರಂಥದ ಕೊನೆಯ ಅಧ್ಯಾಯ ಹೇಳುತ್ತದೆ. ಅಣ್ಣಂದಿರು ಚೆನ್ನಾಗಿದ್ದಾರೋ ನೋಡಿಕೊಂಡು ಬಾ ಎಂದು ತಂದೆ ಅವನನ್ನು ಕಳುಹಿಸಿದ್ದು ಅದೇ ಶೆಕೆಮಿಗೆ. ಆದಿಕಾಂಡದ ಆಚೆಗಿನ ಮಾತಾದರೂ ಕೊನೆಯ ಪದ್ಯಕ್ಕೆ ಅದನ್ನು ತರುತ್ತೇನೆ. 'ಶೆಕೆಮಿಗೆ' ಎಂದರೆ ನಾಲ್ಕು ಲಘು. ಸಾಲಿನ ಎರಡನೆಯ ಗಣಕ್ಕೆ ಸರಿಹೋಗುತ್ತದೆ. ಮೊದಲು ಯೆಹೂದನ ಭಾಷಣ ಮುಗಿಯಬೇಕು.