ಅಪ್ಪನ ಪಿತ್ತಕೋಶ, ವ್ಯಾಂಕೂವರಿನ ಹಂದಿಗಳು

ಅಪ್ಪನ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿಕೊಂಡು ಕೀವು ತುಂಬಿತ್ತು. ಹೃದಯ ತೀರಾ ಸೋತಿದ್ದರಿಂದ ಅನಸ್ತೇಶಿಯಾ ಕೊಡಲು ಡಾಕ್ಟರು ಒಪ್ಪಲಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡೇ ಪಕ್ಕೆಲುಬಿನ ಹತ್ತಿರ ಸಣ್ಣ ಪೈಪು ಇಳಿಸಿದರು. ಮೊದಲು ಕೀವು ಬಂತು, ಆಮೇಲೆ ಹಸಿರುಗಪ್ಪು ಪಿತ್ತ. ಸಿಸ್ಟರ್ ಬಂದು ಚೀಲದ ಗೆರೆ ನೋಡಿ ಎಷ್ಟು ಎಂ.ಎಲ್. ಅಂತ ಬರೆದುಕೊಂಡು ಹೋಗುತ್ತಿದ್ದರು. ಜ್ವರ ಇಳಿಯಿತು. ಆದರೆ ಪೈಪು, ಚೀಲದ ಸಮೇತವೇ ಅಪ್ಪ ಮನೆಗೆ ಬರಬೇಕಿತ್ತು.

“ಪಿತ್ತಕೋಶ ತೆಗೆಯೋಕೆ ಆಗಲ್ಲ ಅಂದ್ರೆ, ಅದು ಒಳಗೇ ಕೆಲಸ ನಿಲ್ಲಿಸೋ ಹಾಗೆ ಮಾಡೋಕಾಗಲ್ವಾ ಡಾಕ್ಟ್ರೇ?” ಅಂತ ಕೇಳಿದೆ. ರೇಡಿಯಾಲಜಿ ಡಾಕ್ಟರು ಸ್ಕ್ಯಾನ್ ಕವರಿನ ಹಿಂದೆ ಚಿತ್ರ ಬರೆದು ತೋರಿಸಿದರು. 1980ರ ದಶಕದ ಕೊನೆಯಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಬೆಕರ್, ಬರ್ಹೆನ್ ಅನ್ನೋ ಡಾಕ್ಟರುಗಳ ತಂಡ ಹಂದಿಗಳ ಮೇಲೆ ಇದನ್ನೇ ಮಾಡಿ ನೋಡಿತ್ತಂತೆ. ಮೊದಲು ಪಿತ್ತಕೋಶದ ನಾಳವನ್ನು ರೇಡಿಯೋ ತರಂಗದ ಶಾಖದಿಂದ ಸುಟ್ಟು ಮುಚ್ಚಬೇಕು. ಇಲ್ಲದಿದ್ದರೆ ಆಮೇಲೆ ಒಳಗೆ ಬಿಡುವ ಮದ್ದು ಮುಖ್ಯ ಪಿತ್ತನಾಳಕ್ಕೂ ಹರಿದು ಅದನ್ನೂ ಹಾಳುಮಾಡುತ್ತದೆ. ಆಮೇಲೆ ಒಳಗೆ 95% ಆಲ್ಕೋಹಾಲ್, ಜೊತೆಗೆ ಕಾಲಿನ ಉಬ್ಬಿದ ರಕ್ತನಾಳಕ್ಕೆ ಚುಚ್ಚುವ ಔಷಧಿ. ಒಳಪದರ ಸತ್ತು ಪಿತ್ತಕೋಶ ಮುದುಡಿಕೊಳ್ಳುತ್ತದೆ.

ತೊಡಕಿರುವುದು ಆ ಒಳಪದರದಲ್ಲೇ. ಅದು ಗೋಡೆಯ ಸಣ್ಣ ಸಣ್ಣ ಸಂದುಗಳಿಗೂ ಇಳಿದಿರುತ್ತದೆ. ಅಲ್ಲೊಂಚೂರು ಉಳಿದರೂ ಗರಿಕೆ ಹಾಗೆ ಮತ್ತೆ ಚಿಗುರುತ್ತದೆ.

ಅಪ್ಪ ಮಲಗಿದ್ದಲ್ಲಿಂದಲೇ “ಹಂದಿಗಳು ಏನಾದ್ವು?” ಅಂದರು. ಇಂಥ ಪ್ರಯೋಗದಲ್ಲಿ ಕೊನೆಗೆ ಅವನ್ನು ಕೊಂದು, ಪಿತ್ತಕೋಶವನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅಪ್ಪನಿಗೆ ಬೇಜಾರಾಯಿತು. ನನಗೂ.

ನನಗೆ ಇನ್ನೂ ಜಾಸ್ತಿ ಬೇಜಾರಾಗಿದ್ದು ಮುಂದಿನ ಕತೆ ಕೇಳಿ. ಅದೇ ಹೊತ್ತಿಗೆ ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್ ಬಂತು. 1985ರಲ್ಲಿ ಜರ್ಮನಿಯಲ್ಲಿ ಎರಿಕ್ ಮ್ಯೂಹೆ, 1990ರಲ್ಲಿ ಮುಂಬೈಯಲ್ಲಿ ಟೆಹಮ್‌ಟನ್ ಉದ್ವಾಡಿಯಾ ಹೀಗೆ ಪಿತ್ತಕೋಶ ತೆಗೆದರು. ಗಟ್ಟಿಮುಟ್ಟಾದವರಿಗೆ ಅಷ್ಟೇ ಸಾಕಾಯಿತು. ಹಂದಿಗಳ ಜೀವ ತೆತ್ತು ಕಲಿತದ್ದು ಬದಿಗೆ ಸರಿಯಿತು. ಆಪರೇಷನ್ ತಡೆಯಲಾರದ ಅಪ್ಪನಂಥವರು ಮಾತ್ರ ಹಾಗೇ ಉಳಿದರಲ್ವಾ? ಅವರಿಗಾಗಿಯೇ ಅಲ್ವಾ ಈ ಕೆಲಸ ಮುಂದುವರಿಯಬೇಕಿದ್ದದ್ದು?

ಈಚೆಗೆ ಮತ್ತೆ ಶುರುವಾಗಿದೆ ಅನ್ನುವುದೇ ಸಮಾಧಾನ. ಸೂಜಿ ಚುಚ್ಚಿ ಪಿತ್ತಕೋಶವನ್ನು ಮಂಜುಗಟ್ಟಿಸುವ ಕ್ರಯೋಅಬ್ಲೇಷನ್ ಅನ್ನು ಹಂದಿಗಳಲ್ಲಿ ಮಾಡಿ ನೋಡಿ, ಆಮೇಲೆ ಆಪರೇಷನ್ ಆಗದ ಕೆಲವು ರೋಗಿಗಳಿಗೂ ಮಾಡಿದ್ದಾರೆ. ಪೈಪು ಬದಲಿಸಲು ಹೋದಾಗಲೆಲ್ಲ ಡಾಕ್ಟರನ್ನು ನಾನು ಕೇಳುವುದು ಇದೊಂದೇ, ನಮ್ಮ ಕಡೆ ಅದು ಯಾವಾಗ ಬರುತ್ತೆ ಅಂತ.